ರಾಮನಗರದ ಸೇರಿನಲ್ಲಿ ಮೊಬೈಲ್ ಲೆಕ್ಕ

10,82,636. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕು ಸೇರಿದ ಜಿಲ್ಲೆಯ ತಲೆ ಎಣಿಕೆ 2011ರ ಜನಗಣತಿಯಲ್ಲಿ ಇಷ್ಟಿತ್ತು. ಆಮೇಲೆ ಹಾರೋಹಳ್ಳಿ ಬೇರೆ ತಾಲ್ಲೂಕಾಯಿತು, 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಜನ ಇನ್ನೂ ಹೆಚ್ಚಿರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆಮನೆಗೆ ಹೋಗಿ ಎಣಿಸಿ ಬರೆದಿಟ್ಟ ಜನಗಣತಿಯ ಲೆಕ್ಕ ಅದಾದ್ದರಿಂದ ಈ ಬರಹಕ್ಕೆ ಅದೇ ಸೇರು, ಅದೇ ಕೊಳಗ. ಮೊಬೈಲ್ ಫೋನಿನ ಹಿಂದಿರುವ ಸಂಖ್ಯೆಗಳನ್ನು ಕೋಟಿ, ಲಕ್ಷ ಕೋಟಿ ಎಂದು ಓದಿದರೆ ಕಿವಿಗೆ ಬಿದ್ದು ಹಾಗೇ ಹೊರಟುಹೋಗುತ್ತವೆ. ನಮ್ಮ ಊರಿನ ಜನರನ್ನು ಸಾಲಾಗಿ ನಿಲ್ಲಿಸಿ ಅಳೆದರೆ ಮಾತ್ರ ಎದೆ ಝಲ್ಲೆನ್ನುತ್ತದೆ.

ಮೊದಲು ದುಡ್ಡಿನ ವಿಷಯ, ಯಾಕೆಂದರೆ ಎಲ್ಲರಿಗೂ ಗೊತ್ತಿರುವುದು ಅದೇ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಕೈತೊಳೆದು, ಗಲ್ಲಾಪೆಟ್ಟಿಗೆ ಪಕ್ಕದ ಚೌಕಾಕಾರದ ಚಿತ್ರಕ್ಕೆ ಫೋನ್ ಹಿಡಿಯುತ್ತೀರಿ. ಪುಟ್ಟ ಡಬ್ಬಿಯೊಂದು ಇಷ್ಟು ರೂಪಾಯಿ ಬಂತು ಎಂದು ಕೂಗುತ್ತದೆ. ಯಜಮಾನರು ತಲೆಯೆತ್ತಿಯೂ ನೋಡುವುದಿಲ್ಲ. ಈ ಯುಪಿಐ ಎಂಬ ವ್ಯವಸ್ಥೆ ಪ್ರಯೋಗವಾಗಿ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಬ್ಯಾಂಕುಗಳ ಆ್ಯಪ್‌ಗಳು ಜನರ ಫೋನಿಗೆ ಬಂದದ್ದು ಆಗಸ್ಟ್ ಕೊನೆಗೆ. ಆ ಆಗಸ್ಟ್ ತಿಂಗಳಲ್ಲಿ ಇಡೀ ಭಾರತದಲ್ಲಿ ನಡೆದ ಯುಪಿಐ ವ್ಯವಹಾರ ಸುಮಾರು 90 ಸಾವಿರ. ರಾಮನಗರ ಪಟ್ಟಣದ ಜನಸಂಖ್ಯೆ 2011ರಲ್ಲೇ 95 ಸಾವಿರ ಇತ್ತು. ಅಂದರೆ ಪಟ್ಟಣದ ಪ್ರತಿಯೊಬ್ಬರೂ ತಿಂಗಳಿಗೆ ಒಂದೇ ಒಂದು ಸಲ ದುಡ್ಡು ಕಳಿಸಿದ್ದರೆ ಅಷ್ಟರಲ್ಲೇ ದೇಶದ ಲೆಕ್ಕವನ್ನು ಮೀರಿಸಿಬಿಡಬಹುದಿತ್ತು.

ಒಂಬತ್ತು ವರ್ಷ ದಾಟಿ ಬನ್ನಿ. 2025ರ ಆಗಸ್ಟ್‌ನಲ್ಲಿ ಯುಪಿಐ ವ್ಯವಹಾರಗಳು ಮೊದಲ ಸಲ ತಿಂಗಳಿಗೆ 2,000 ಕೋಟಿ ದಾಟಿದವು. ಮೊತ್ತ 24.85 ಲಕ್ಷ ಕೋಟಿ ರೂಪಾಯಿ. 31 ದಿನಕ್ಕೆ ಭಾಗಿಸಿ, ಗಂಟೆಗೆ ಭಾಗಿಸಿ, ಸೆಕೆಂಡಿಗೆ ಇಳಿಸಿದರೆ ಸೆಕೆಂಡಿಗೆ 7,400ಕ್ಕೂ ಹೆಚ್ಚು. 2016ರ ಆ ಮೊದಲ ತಿಂಗಳಿನ ಒಟ್ಟು ವ್ಯವಹಾರ ಈಗ 12 ಸೆಕೆಂಡಿನಲ್ಲಿ ಮುಗಿಯುತ್ತದೆ. ಸರ್ವರ್ ಇಡ್ಲಿ ತಟ್ಟೆ ತಂದಿಟ್ಟು ಚಟ್ನಿ ಬಡಿಸುವಷ್ಟು ಹೊತ್ತು. ನಮ್ಮ ಜಿಲ್ಲೆಯ ಅಷ್ಟೂ ಜನ, ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಹಿರಿಯರವರೆಗೆ ತಲಾ ಒಂದು ಸಲ ದುಡ್ಡು ಕಳಿಸಿದರೆ ಎಷ್ಟಾಗುತ್ತದೋ ಅಷ್ಟನ್ನು ದೇಶ ಎರಡೂವರೆ ನಿಮಿಷದೊಳಗೆ ಮಾಡಿ ಮುಗಿಸುತ್ತದೆ.

ಇದೇ ದೊಡ್ಡದು ಎಂದುಕೊಂಡರೆ ವಾಟ್ಸಾಪ್ ಕಡೆ ನೋಡಬೇಕು. ದಿನಕ್ಕೆ 10,000 ಕೋಟಿ ಸಂದೇಶಗಳು ತಮ್ಮ ಮೂಲಕ ಹೋಗುತ್ತವೆ ಎಂದು ಆ ಕಂಪನಿಯ ಒಡೆಯರು 2020ರ ಅಕ್ಟೋಬರಿನಲ್ಲೇ ಹೇಳಿದ್ದರು. ಒಂದು ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಹನ್ನೊಂದೂವರೆ ಲಕ್ಷ ಸಂದೇಶ. ನಮ್ಮ ಸೇರು ಎಷ್ಟು? ಹತ್ತು ಲಕ್ಷ ಎಂಬತ್ತೆರಡು ಸಾವಿರ. ಇಡೀ ಜಿಲ್ಲೆಯ ಜನ ಒಟ್ಟಿಗೇ ಒಂದು ಗುಂಡಿ ಒತ್ತಿ, ಮರುಕ್ಷಣ ಮತ್ತೆ ಒತ್ತಿ, ಮತ್ತೆ ಒತ್ತಿ, ಹಗಲೂ ರಾತ್ರಿ ಊಟ ನಿದ್ದೆ ಬಿಟ್ಟು ಒತ್ತುತ್ತಲೇ ಇದ್ದರೂ ಆ ವೇಗಕ್ಕೆ ಸ್ವಲ್ಪ ಹಿಂದೆಯೇ ಉಳಿಯುತ್ತಾರೆ. ಇಷ್ಟನ್ನು ಸಂಭಾಳಿಸಲು ದೊಡ್ಡ ದಂಡೇ ಬೇಕು ಅನ್ನಿಸುತ್ತದೆ. 2014ರಲ್ಲಿ ಫೇಸ್‌ಬುಕ್ ಈ ಕಂಪನಿಯನ್ನು 1,900 ಕೋಟಿ ಡಾಲರ್ ಕೊಟ್ಟು ಕೊಂಡಾಗ ಅದಕ್ಕೆ 45 ಕೋಟಿ ಬಳಕೆದಾರರಿದ್ದರು, ಎಂಜಿನಿಯರುಗಳು ಇದ್ದದ್ದು 32 ಜನ. ನಮ್ಮ ಕಡೆಯ ಒಂದು ಮದುವೆಗೆ ಬಡಿಸುವವರೇ ಅದಕ್ಕಿಂತ ಹೆಚ್ಚಿರುತ್ತಾರೆ.

ಈ ಹತ್ತು ಸಾವಿರ ಕೋಟಿಯಲ್ಲಿ ಎಷ್ಟು ಪಾಲು ಶುಭೋದಯಗಳೋ ದೇವರೇ ಬಲ್ಲ. ಗುಲಾಬಿ ಹೂವು, ಕಾಫಿ ಲೋಟ, ಉದಯಿಸುವ ಸೂರ್ಯ, ಅದರ ಮೇಲೊಂದು ನುಡಿಮುತ್ತು. ಮನೆಯ ಗುಂಪು, ಸಂಬಂಧಿಕರ ಗುಂಪು, ಎಸ್ಸೆಸ್ಸೆಲ್ಸಿ ಗೆಳೆಯರ ಗುಂಪು, ಹಾಲಿನ ಡೇರಿ ಗುಂಪು, ಎಲ್ಲದರಲ್ಲೂ ಅದೇ ಸೂರ್ಯ. ಭಾರತದಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಂಡ ಪ್ರತಿ ಮೂವರಲ್ಲಿ ಒಬ್ಬರಿಗೆ ದಿನವೂ ಫೋನಿನಲ್ಲಿ ಜಾಗ ಸಾಲದಾಗುತ್ತದೆ, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ ಎಂಬ ಲೆಕ್ಕ 2018ರಲ್ಲಿ ಸುದ್ದಿಯಾಯಿತು. ಕಾರಣ ಹುಡುಕಿ ಹೊರಟ ಗೂಗಲ್‌ನವರಿಗೆ ಸಿಕ್ಕಿದ್ದು ಈ ಶುಭೋದಯದ ಚಿತ್ರಗಳೇ. 128 ಜಿಬಿ ಫೋನ್ ಎಂದರೆ ಒಂದು ಲಕ್ಷ ಕೋಟಿಗೂ ಹೆಚ್ಚು ಸೊನ್ನೆ-ಒಂದುಗಳನ್ನು ನೆನಪಿಟ್ಟುಕೊಳ್ಳುವ ಪೆಟ್ಟಿಗೆ. ಅದನ್ನೂ ತುಂಬಿಸಿಬಿಟ್ಟ ನಮ್ಮ ಜನರ ಸೌಜನ್ಯಕ್ಕೆ ಕೈಮುಗಿಯಬೇಕು.

ಇಷ್ಟು ಧಾರಾಳತನ ಬಂದದ್ದು ಹೇಗೆ? ಭಾರತದಲ್ಲಿ ಮೊಬೈಲಿನ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದೆಹಲಿಗೆ. ಮಾಡಿದವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಎತ್ತಿದವರು ಕೇಂದ್ರ ಸಚಿವ ಸುಖರಾಮ್. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು, ಬಂದ ಕರೆಗೂ ದುಡ್ಡು ಕೀಳುತ್ತಿದ್ದರು. ಮಿಸ್ಡ್ ಕಾಲ್ ಎಂಬ ನಮ್ಮ ಮಹಾ ಆವಿಷ್ಕಾರ ಹುಟ್ಟಿದ್ದು ಈ ಕಾಲದ ಹೊಟ್ಟೆಯುರಿಯಿಂದಲೇ. ಇಂಟರ್‌ನೆಟ್ ಕತೆಯೂ ಹಾಗೇ. ಸರ್ಕಾರದ ಲೆಕ್ಕದಲ್ಲಿ 2014ರ ಮಾರ್ಚ್‌ನಲ್ಲಿ ಒಂದು ಜಿಬಿಗೆ ಸುಮಾರು 269 ರೂಪಾಯಿ, ಒಬ್ಬರು ತಿಂಗಳಿಗೆ ಬಳಸುತ್ತಿದ್ದದ್ದು ಸರಾಸರಿ 62 ಎಂಬಿ. ಈಗ ಜಿಬಿಗೆ ಒಂಬತ್ತು ರೂಪಾಯಿ ಆಸುಪಾಸು, ಬಳಕೆ ತಿಂಗಳಿಗೆ 20 ಜಿಬಿಗೂ ಮೇಲೆ. ಬಳಕೆ ಮುನ್ನೂರು ಪಟ್ಟು ಏರಿತು, ಬೆಲೆ ಮೂವತ್ತನೇ ಒಂದು ಭಾಗಕ್ಕೆ ಇಳಿಯಿತು. ನಡುವೆ 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದದ್ದನ್ನು ಯಾರೂ ಮರೆತಿರಲಾರರು.

ರಾಮನಗರದವರಿಗೆ ಇದನ್ನು ‘ಶೋಲೆ’ ಅಳತೆಯಲ್ಲಿ ಹೇಳುವುದು ಸುಲಭ. ಊರ ಪಕ್ಕದ ಬಂಡೆಗಳ ನಡುವೆ ಚಿತ್ರೀಕರಿಸಿ 1975ರ ಆಗಸ್ಟ್ 15ರಂದು ತೆರೆಗೆ ಬಂದ ಆ ಸಿನಿಮಾದ ಪೂರ್ಣ ಆವೃತ್ತಿ 204 ನಿಮಿಷದ್ದು. ಸೆಕೆಂಡಿಗೆ 24 ಚಿತ್ರದಂತೆ ಹೆಚ್ಚುಕಡಿಮೆ 2 ಲಕ್ಷ 94 ಸಾವಿರ ಚಿತ್ರಗಳು, 35 ಮಿ.ಮೀ. ರೀಲಿನಲ್ಲಿ ಹಾಸಿದರೆ ಐದೂವರೆ ಕಿಲೋಮೀಟರ್ ಉದ್ದ. ಅದನ್ನು ಡಬ್ಬಗಳಲ್ಲಿ ತುಂಬಿ ಊರಿಂದೂರಿಗೆ ಹೊರುತ್ತಿದ್ದರು. ಈಗ ಅದೇ ಸಿನಿಮಾ ಸುಮಾರಾದ ಸ್ಪಷ್ಟತೆಯಲ್ಲಿ ಒಂದೂವರೆ ಜಿಬಿಯೊಳಗೆ, ಅಂದರೆ ಹಲವರ ಒಂದು ದಿನದ ಡೇಟಾದೊಳಗೆ, ಮುಗಿದುಹೋಗುತ್ತದೆ. 2014ರ ದರದಲ್ಲಿ ಇದೇ ಒಂದೂವರೆ ಜಿಬಿಗೆ ನಾನೂರು ರೂಪಾಯಿ ಬೇಕಿತ್ತು. ತಿಂಗಳ ಸರಾಸರಿ ಬಳಕೆಯ 62 ಎಂಬಿಯಲ್ಲಿ ನೋಡಹೊರಟಿದ್ದರೆ ಎಂಟೇ ನಿಮಿಷ. ಗಬ್ಬರ್ ಸಿಂಗ್ ಇನ್ನೂ ಬಂದೇ ಇರುವುದಿಲ್ಲ.

ಇಲ್ಲಿಯವರೆಗೆ ನಮ್ಮ ಸೇರು ಸೋಲುತ್ತಲೇ ಬಂತು. ಈಗ ಗೆಲ್ಲುವ ಜಾಗಕ್ಕೆ ಹೋಗೋಣ.

ಸಂದೇಶವಾಗಲಿ ದುಡ್ಡಾಗಲಿ ಗಾಳಿಯಲ್ಲಿ ಹೋಗುತ್ತದೆ ಎಂದು ನಾವು ತಿಳಿಯುತ್ತೇವೆ. ಗಾಳಿಯಲ್ಲಿ ಹೋಗುವುದು ಫೋನಿನಿಂದ ಟವರಿನವರೆಗೆ, ಹೆಚ್ಚೆಂದರೆ ಕೆಲವು ಕಿಲೋಮೀಟರ್. ಅಲ್ಲಿಂದ ಮುಂದೆ ಬಹುಪಾಲು ನೆಲದಡಿಯ, ಕಡಲಡಿಯ ಗಾಜಿನ ಎಳೆಯಲ್ಲಿ ಓಡುವ ಬೆಳಕು. ಬೆಳಕು ಹರಿಯುವ ಆ ಎಳೆಯ ತಿರುಳು ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂಬತ್ತು ಭಾಗದಷ್ಟು ದಪ್ಪ. ರೇಷ್ಮೆ ಗೂಡಿನಿಂದ ಬಿಚ್ಚಿದ ಒಂಟಿ ಎಳೆ ಅದಕ್ಕಿಂತ ದಪ್ಪ! ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ 2 ಲಕ್ಷ ಕಿ.ಮೀ. ರಾಮನಗರದಿಂದ ಬೆಂಗಳೂರಿಗೆ 50 ಕಿ.ಮೀ. ಎಂದುಕೊಂಡರೆ ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಭಾಗದಲ್ಲಿ ತಲುಪುತ್ತದೆ. ಮಾಗಡಿಯ ಒಂದು ಮನೆಯಿಂದ ಪಕ್ಕದ ಮನೆಗೆ ಕಳಿಸಿದ ‘ಸಾರಿಗೆ ಹುಳಿ ಇದ್ಯಾ?’ ಎಂಬ ಸಂದೇಶ ದೂರದೇಶದ ಸರ್ವರ್ ಮುಟ್ಟಿ, ಹೋಗಿಬರುವ ದಾರಿ 20 ಸಾವಿರ ಕಿ.ಮೀ. ಆದರೂ ಬೆಳಕಿಗೆ ತಗಲುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಹಿತ್ತಲ ಗೋಡೆಯಾಚೆಯಿಂದ ಕೂಗಿದ್ದರೆ ಇನ್ನೂ ಬೇಗ ತಲುಪುತ್ತಿತ್ತು, ಅದು ಬೇರೆ ಮಾತು.

ದೇಶದಲ್ಲಿ ಹಾಸಿರುವ ಒಟ್ಟು ಆಪ್ಟಿಕಲ್ ಫೈಬರ್ ಕೇಬಲ್ ಸುಮಾರು 42 ಲಕ್ಷ ಕಿ.ಮೀ. ಲೋಕದ ಕಡಲುಗಳ ತಳದಲ್ಲಿ ಮಲಗಿರುವ ಕೇಬಲ್ ಸುಮಾರು 14 ಲಕ್ಷ ಕಿ.ಮೀ. ಓದಿ ಬಾಯಿ ಬಿಡುವ ಮುಂಚೆ ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋಗಿಬನ್ನಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ. ಸಾಲುಸಾಲು ಜಾಲರಿಗಳಲ್ಲಿ ಹಳದಿ ಗೂಡು, ಬಿಳಿ ಗೂಡು ಹರಡಿರುತ್ತವೆ, ಒಂದೊಂದಕ್ಕೂ ಲಾಟ್ ನಂಬರು. ಗೂಡಿನ ವಾಸನೆ ಮೂಗಿಗೆ ಅಡರುತ್ತದೆ, ರೂಢಿಯಿಲ್ಲದವರು ಕರವಸ್ತ್ರ ತೆಗೆಯುತ್ತಾರೆ. ಗೂಡು ಕೊಂಡು ನೂಲು ಬಿಚ್ಚುವ ರೀಲರು ಒಂದು ಹಿಡಿ ಗೂಡನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ ಹಿಂದಕ್ಕೆ ಹಾಕುತ್ತಾನೆ. ಮುಂಚೆ ಇಲ್ಲಿ ಕೂಗಿ ಕೂಗಿ ಹರಾಜು ನಡೆಯುತ್ತಿತ್ತು. ಈಗ ಇ-ಹರಾಜು. ರೀಲರುಗಳು ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ಯಾರು ಎಷ್ಟು ಹಾಕಿದರೆಂದು ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಲಾಟಿನ ಬೆಲೆ ರೈತನ ಫೋನಿಗೆ ಬರುತ್ತದೆ, ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತದೆ.

“ಎಷ್ಟಕ್ಕೆ ಹೋಯ್ತಣ್ಣ?”

“ತಡಿಯಪ್ಪ, ಇನ್ನೂ ಮೆಸೇಜ್ ಬಂದಿಲ್ಲ.”

ವಾರಗಟ್ಟಲೆ ಸೊಪ್ಪು ತಂದು ಹಾಕಿ, ನಿದ್ದೆಗೆಟ್ಟು, ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು ಬೆಳೆದ ಗೂಡಿನ ಹಣೆಬರಹ ಆ ಒಂದು ಟಿಣ್ ಸದ್ದಿನಲ್ಲಿದೆ. ರೈತ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಅಂಕಿ ಓದುವುದನ್ನು ನೋಡಬೇಕು.

ಈಗ ಲೆಕ್ಕ. ಮಿಶ್ರತಳಿಯ ಒಂದು ಗೂಡಿನಲ್ಲಿ ಕಡಿಮೆಯೆಂದರೂ 600 ಮೀಟರ್ ಎಳೆ ಇರುತ್ತದೆ, ಒಳ್ಳೆಯ ದ್ವಿತಳಿ ಗೂಡು ಸಾವಿರ ಮೀಟರ್ ದಾಟುತ್ತದೆ. ಕಿಲೋಗೆ 500 ಗೂಡು ಎಂದು ಕೈ ಬಿಗಿಹಿಡಿದೇ ಹೇಳೋಣ. ಒಂದು ಕಿಲೋ ಗೂಡಿನಲ್ಲಿ 300 ಕಿಲೋಮೀಟರ್ ಎಳೆ. ರಾಮನಗರದಿಂದ ಮೈಸೂರಿಗೆ ಹೋಗಿ, ವಾಪಸು ಬಂದು, ಮತ್ತೆ ಮೈಸೂರು ಮುಟ್ಟುವಷ್ಟು. ಮಾರುಕಟ್ಟೆಗೆ ದಿನಕ್ಕೆ 50 ಟನ್ ಬರುತ್ತದೆ ಎಂಬ ಮಾತು ಹಳೆಯದು. ಬೆಳೆ, ಹವಾಮಾನ ನೋಡಿ ಏರಿಳಿಯುತ್ತದೆ. 40 ಟನ್ ಬಂದ ದಿನವೊಂದನ್ನು ಹಿಡಿಯೋಣ. ಎರಡು ಕೋಟಿ ಗೂಡು. ಎಳೆಯ ಉದ್ದ 1 ಕೋಟಿ 20 ಲಕ್ಷ ಕಿಲೋಮೀಟರ್. ಭೂಮಿಯ ಸುತ್ತ ಮುನ್ನೂರು ಸುತ್ತು. ಚಂದ್ರನವರೆಗಿನ ದೂರದ 31 ಪಟ್ಟು. ದೇಶದ ಒಟ್ಟು ಫೈಬರ್ ಕೇಬಲ್ಲಿನ ಹೆಚ್ಚುಕಡಿಮೆ ಮೂರು ಪಟ್ಟು. ಇದು ಒಂದು ದಿನದ ಮಾರುಕಟ್ಟೆ, ಒಂದು ಊರು.

ಕೇಬಲ್ಲಿನೊಳಗೆ ಒಂದೇ ಎಳೆ ಇರುವುದಿಲ್ಲವಲ್ಲ, ಲೆಕ್ಕ ಮೋಸ ಎಂದು ಯಾರಾದರೂ ತಕರಾರು ತೆಗೆಯಬಹುದು. ನ್ಯಾಯವೇ. ಪ್ರತಿ ಕೇಬಲ್ಲಿನಲ್ಲೂ 24 ಎಳೆ ಎಂದು ಹಿಡಿದರೆ ಹತ್ತು ಕೋಟಿ ಕಿಲೋಮೀಟರ್ ಆಗುತ್ತದೆ. ಅಷ್ಟನ್ನು ರಾಮನಗರದ ಮಾರುಕಟ್ಟೆ ಎಂಟೊಂಬತ್ತು ದಿನದಲ್ಲಿ ಮುಟ್ಟುತ್ತದೆ. ಗಾಜಿನ ಎಳೆ ಹಾಸಲು ದೇಶಕ್ಕೆ ದಶಕಗಳು ಹಿಡಿದವು. ಈ ಹುಳು ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತಾ ಮೂರು ದಿನದೊಳಗೆ ತನ್ನ ಪಾಲು ಮುಗಿಸಿ ಸುಮ್ಮನಾಗುತ್ತದೆ. ಫೋನನ್ನು ಕಂಡು ಬೆರಗಾಗುವ ನಮಗೆ ಹಿಪ್ಪುನೇರಳೆ ಸೊಪ್ಪಿನ ಮೇಲಿನ ಹುಳು ಕಂಡು ಬೆರಗಾಗದಿರುವುದು ಅಭ್ಯಾಸಬಲ ಅಷ್ಟೇ.

ಇನ್ನು ಆನ್‌ಲೈನ್ ಖರೀದಿ. ಜಿಲ್ಲೆ ಹುಟ್ಟಿದ್ದು 2007ರ ಆಗಸ್ಟ್‌ನಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ಇಬ್ಬರು ಬನ್ಸಾಲರು, ಅಣ್ಣತಮ್ಮಂದಿರಲ್ಲ, ಫ್ಲಿಪ್‌ಕಾರ್ಟ್ ಶುರು ಮಾಡಿದರು. ಮೊದಲು ಮಾರಿದ್ದು ಒಂದು ಪುಸ್ತಕ, ಕೊಂಡವರು ಆಗ ಆಂಧ್ರದಲ್ಲಿದ್ದ ಮೆಹಬೂಬ್‌ನಗರದವರು. 2010ರಲ್ಲಿ ವಸ್ತು ಕೈಗೆ ಬಂದಮೇಲೆ ದುಡ್ಡು ಕೊಡುವ ಅನುಕೂಲ ತಂದರು. ನಮ್ಮ ಜನ ಒಳಗೆ ಕಾಲಿಟ್ಟದ್ದು ಆಗಲೇ. 2018ರಲ್ಲಿ ವಾಲ್‌ಮಾರ್ಟ್ ಇದರ ಶೇ 77 ಪಾಲಿಗೆ 1,600 ಕೋಟಿ ಡಾಲರ್ ಕೊಟ್ಟಿತು. ಹನ್ನೊಂದು ವರ್ಷದ ವ್ಯಾಪಾರ.

ಈ ವ್ಯಾಪಾರವೆಲ್ಲ ನಿಂತಿರುವುದು ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಜಾರಿಗೆ ತಂದ ಆರು ಅಂಕಿಯ ಮೇಲೆ ಎಂಬುದು ನನಗೆ ಖುಷಿ ಕೊಡುವ ಸಂಗತಿ. ರಾಮನಗರ 562159, ಚನ್ನಪಟ್ಟಣ 562160, ಕನಕಪುರ 562117, ಮಾಗಡಿ 562120. ದೇಶದಲ್ಲಿ ಇಂಥ 19 ಸಾವಿರಕ್ಕೂ ಹೆಚ್ಚು ಪಿನ್‌ಕೋಡ್‌ಗಳಿವೆ. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಒಂದು ಪಿನ್‌ಕೋಡಿಗೆ ಸರಾಸರಿ 70 ಸಾವಿರ ಜನ. ಅಂದರೆ ಆರು ಅಂಕಿ ಹೇಳಿದ ಕೂಡಲೇ ನೂರ ನಲವತ್ತು ಕೋಟಿಯಿಂದ 70 ಸಾವಿರಕ್ಕೆ ಇಳಿದೆವು. ಎಂಥ ಯಂತ್ರ, ಎಂಥ ಗಣಿತ! ಉಳಿದ 70 ಸಾವಿರದಿಂದ ಒಬ್ಬರನ್ನು ಹುಡುಕುವುದು ಮಾತ್ರ ಇಂದಿಗೂ ‘ಮಾರಮ್ಮನ ಗುಡಿ ಹಿಂದೆ, ನೀರಿನ ಟ್ಯಾಂಕ್ ಎದುರು’ ಎಂಬ ಹಳೇ ವಿಧಾನದಲ್ಲೇ.

ಕೊಳ್ಳುವುದಕ್ಕಿಂತ ಮಾರುವುದರ ಲೆಕ್ಕ ಹೆಚ್ಚು ಕುತೂಹಲದ್ದು, ಅದಕ್ಕೆ ಚನ್ನಪಟ್ಟಣಕ್ಕೆ ಬರಬೇಕು. ಆಲೆ ಮರವನ್ನು ಲೇತ್ ಯಂತ್ರದಲ್ಲಿ ತಿರುಗಿಸಿ, ಅರಗಿನ ಬಣ್ಣ ಒತ್ತಿ ಹಿಡಿದು ಬಿಸಿಗೇ ಬಣ್ಣ ಕೂರಿಸುವ ಇಲ್ಲಿನ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮುದ್ರೆಯಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಕೊಳ್ಳುತ್ತಿದ್ದದ್ದೇ ಅಂಗಡಿಗಳ ಜೀವಾಳ. 2023ರ ಮಾರ್ಚ್ 12ರಂದು 118 ಕಿ.ಮೀ. ಉದ್ದದ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದು ಊರನ್ನು ಬಳಸಿಕೊಂಡು ಹೋಗುತ್ತದೆ. ಗಿರಾಕಿಗಳೂ ಹಾಗೇ ಬಳಸಿಕೊಂಡು ಹೋದರು. ಹಳೇ ರಸ್ತೆಯ ಅಂಗಡಿಯವರು ಫೋನ್ ಕಡೆ ತಿರುಗಿದ್ದರಲ್ಲಿ ಈ ಪೆಟ್ಟಿನ ಪಾಲು ದೊಡ್ಡದು. ಅಮೆಜಾನಿನ ಕಾರಿಗರ್, ಫ್ಲಿಪ್‌ಕಾರ್ಟಿನ ಸಮರ್ಥ್ ಎಂಬ ಕುಶಲಕರ್ಮಿಗಳ ವಿಭಾಗಗಳೂ ಇವೆ. ರಸ್ತೆಯ ಒಂದು ಬದಿಯ ಗಿರಾಕಿಗಳ ಬದಲು ಹತ್ತೊಂಬತ್ತು ಸಾವಿರ ಪಿನ್‌ಕೋಡುಗಳ ಗಿರಾಕಿಗಳು ಎಂದು ಕೇಳಲು ಚೆನ್ನಾಗಿದೆ.

ಆದರೆ ಕೊರಿಯರಿನವರ ತಕ್ಕಡಿ ಬೇರೆ ಥರ. ಅವರಿಗೆ ತೂಕದಷ್ಟೇ ಜಾಗವೂ ಮುಖ್ಯ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ರೂಢಿ. ಬಂದ ಸಂಖ್ಯೆಯೂ ನಿಜವಾದ ತೂಕವೂ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಮಕ್ಕಳು ಕೂತು ತೂಗುವ ಮರದ ಕುದುರೆಯ ಡಬ್ಬ 60 ಉದ್ದ, 30 ಅಗಲ, 50 ಎತ್ತರ ಇದೆ ಎನ್ನಿ. ಲೆಕ್ಕ 18 ಕಿಲೋಗೆ ನಿಂತಿತು. ಕುದುರೆ ಐದಾರು ಕಿಲೋ ತೂಗಿದರೂ ಹದಿನೆಂಟರ ಬಾಡಿಗೆ. ಹೊಟ್ಟೆಯೊಳಗಿನ ಗಾಳಿಗೂ ಬಾಡಿಗೆ ತೆರಬೇಕಾದ ಕುದುರೆ ಊರಲ್ಲೇ ಉಳಿಯುತ್ತದೆ. ಬುಗುರಿ, ಗಿಲಕಿ, ಬೆರಳುದ್ದದ ಗೊಂಬೆಗಳು ಡಜನ್ನುಗಟ್ಟಲೆ ಒಂದೇ ಡಬ್ಬದಲ್ಲಿ ಕೂತು ದೇಶ ಸುತ್ತುತ್ತವೆ. ಚನ್ನಪಟ್ಟಣದ ಗೊಂಬೆ ಚಿಕ್ಕದಾಗುತ್ತಾ ಹೋದರೆ ಅದಕ್ಕೆ ಮಕ್ಕಳ ಇಷ್ಟಕ್ಕಿಂತ ಆ ಐದು ಸಾವಿರ ಎಂಬ ಭಾಜಕವೇ ಕಾರಣ ಎಂದು ನನಗೆ ಅನ್ನಿಸುತ್ತದೆ.

ವಸ್ತು ಮನೆಬಾಗಿಲಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಕೇಳಿದ ಮಾತುಕತೆ ಇದು. ಮಗ ಬೆಂಗಳೂರಿಂದ ಅವ್ವನ ಹೆಸರಿಗೆ ಮಿಕ್ಸಿ ತರಿಸಿದ್ದಾನೆ. ಡೆಲಿವರಿ ಹುಡುಗ ಬೈಕ್ ನಿಲ್ಲಿಸಿ ಡಬ್ಬ ಇಳಿಸಿದ.

“ಅಜ್ಜಿ, ಫೋನಿಗೆ ಒಂದು ಓಟಿಪಿ ಬಂದಿರ್ತದೆ, ಹೇಳಿ.”

“ಅದ್ಯಾಕ್ಲಾ ನಿಂಗೆ? ಯಾರ್ಗೂ ಹೇಳ್‌ಬ್ಯಾಡಿ ಅಂತ ಬ್ಯಾಂಕ್‌ನೋರು ಬಡ್ಕಂಡವ್ರೆ.”

“ಅದು ಬ್ಯಾಂಕಿಂದು ಅಜ್ಜಿ, ಇದು ಡೆಲಿವರಿದು.”

“ಎರಡ್ಕೂ ಆರೇ ಅಂಕಿ ತಾನೆ? ನಂಗೆಂಗ್ ಗೊತ್ತಾಯ್ತದೆ?”

ಹುಡುಗ ನಿರುತ್ತರ. ಕೊನೆಗೆ ಮಗನಿಗೆ ಫೋನ್ ಹೋಯಿತು, ಮಗ ಹೇಳಿದ ಮೇಲೆ ಅಜ್ಜಿ ಅಂಕಿಗಳನ್ನು ಒಂದೊಂದಾಗಿ, ಒಲ್ಲದ ಮನಸ್ಸಿನಿಂದ, ಪಕ್ಕದ ಮನೆಯವಳಿಗೆ ಕೇಳಿಸದಂತೆ ಓದಿದಳು. ಈ ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಹುಡುಗನಲ್ಲ. ಒಂದೇ ಗಾತ್ರದ ಬೀಗದ ಕೈಯನ್ನು ಒಂದು ಕಡೆ ಕೊಡು, ಇನ್ನೊಂದು ಕಡೆ ಕೊಡಬೇಡ ಎಂದು ಹೇಳಿಕೊಟ್ಟ ಕಂಪನಿಗಳೂ ಬ್ಯಾಂಕುಗಳೂ ಕೊಡಬೇಕು.

ಆ ಆರು ಅಂಕಿಯ ಬಲವೆಷ್ಟು? 000000ದಿಂದ 999999ರವರೆಗೆ ಸರಿಯಾಗಿ ಹತ್ತು ಲಕ್ಷ ಸಾಧ್ಯತೆ. ನಮ್ಮ ಜಿಲ್ಲೆಯ ಹತ್ತು ಲಕ್ಷ ಜನರಿಗೆ ತಲಾ ಒಂದೊಂದು ಸಂಖ್ಯೆ ಹಂಚಿ ಊಹಿಸಲು ಹಚ್ಚಿದರೆ ಯಾರೋ ಒಬ್ಬರದು ಖಂಡಿತ ಸರಿ. ಇನ್ನೂ 82,636 ಜನ ಕೆಲಸವಿಲ್ಲದೆ ಉಳಿಯುತ್ತಾರೆ. ಕಳ್ಳನಿಗೆ ಅಷ್ಟು ಜನ ಸಿಗುವುದಿಲ್ಲ, ಎರಡು ಮೂರು ಸಲ ತಪ್ಪಿದರೆ ಬಾಗಿಲು ಮುಚ್ಚುತ್ತದೆ, ಕೆಲವೇ ನಿಮಿಷದಲ್ಲಿ ಸಂಖ್ಯೆಯೇ ಸತ್ತುಹೋಗುತ್ತದೆ. ಊಹಿಸಿ ಗೆಲ್ಲುವುದು ಆಗದ ಮಾತು. ಎಟಿಎಂನ ನಾಲ್ಕಂಕಿಯ ಪಿನ್ ಇದಕ್ಕಿಂತ ಬಡವ. ಹತ್ತೇ ಸಾವಿರ ಸಾಧ್ಯತೆ. ಮಾಗಡಿ ಪಟ್ಟಣದ ಜನಸಂಖ್ಯೆ 2011ರಲ್ಲಿ 27 ಸಾವಿರ ದಾಟಿತ್ತು. ಅಷ್ಟೂ ಜನ ಪಿನ್ ಇಟ್ಟುಕೊಂಡರೆ ಹೇಗೆ ಹಂಚಿದರೂ ಮಾಗಡಿಯೊಳಗೇ ಕೆಲವರ ಪಿನ್ ಮತ್ತಿಬ್ಬರದೂ ಆಗಿರಲೇಬೇಕು. ಹುಟ್ಟಿದ ವರ್ಷವನ್ನೇ ಪಿನ್ ಮಾಡಿಕೊಂಡವರ ವಿಷಯದಲ್ಲಂತೂ ಹತ್ತು ಸಾವಿರ ಕುಗ್ಗಿ ಅರವತ್ತು ಎಪ್ಪತ್ತಕ್ಕೆ ಬರುತ್ತದೆ. ಮುಖ ನೋಡಿ ವಯಸ್ಸು ಹೇಳುವವನಿಗೆ ಹತ್ತಕ್ಕೆ!

ಇದರ ಎದುರಿಗೆ ಫೋನಿನೊಳಗಿನ ನಿಜವಾದ ಬೀಗ ನೋಡಿ. ವಾಟ್ಸಾಪ್ ನಿಮ್ಮ ಸಂದೇಶವನ್ನು ಮುಚ್ಚಿಡುವ ಕೀಲಿ 256 ಬಿಟ್ಟಿನದು. ಅದರ ಸಾಧ್ಯತೆಗಳನ್ನು ಬರೆದರೆ 78 ಅಂಕಿಯ ಸಂಖ್ಯೆ. ಕಿಲೋ ರಾಗಿಯಲ್ಲಿ ಮೂರೂವರೆಯಿಂದ ನಾಲ್ಕು ಲಕ್ಷ ಕಾಳಿರುತ್ತದೆ. ಇಡೀ ಭೂಮಿಯ ತೂಕದಷ್ಟು ರಾಗಿ ತಂದು ಎಣಿಸಿದರೆ ಕಾಳಿನ ಲೆಕ್ಕ 31 ಅಂಕಿಗೆ ಮುಗಿಯುತ್ತದೆ. ಸೂರ್ಯನ ತೂಕದಷ್ಟು ಎಂದರೂ 36 ಅಂಕಿ. 78ರ ಹತ್ತಿರವೂ ಸುಳಿಯುವುದಿಲ್ಲ. ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಸೇರಿಸಿ ಒಂದೊಂದೇ ಕೀಲಿ ಹಾಕಿ ನೋಡುತ್ತಾ ಹೋದರೂ ಸೂರ್ಯ ಆರಿಹೋಗುವುದರೊಳಗೆ ಮುಗಿಯುವುದಿಲ್ಲ.

ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಬೀಗದ ತಂಟೆಗೆ ಹೋಗುವುದಿಲ್ಲ, ನಮಗೆ ಫೋನ್ ಮಾಡುತ್ತಾರೆ. ಕೆವೈಸಿ ಅವಧಿ ಮುಗಿದಿದೆ, ಕರೆಂಟ್ ಕಟ್ ಆಗುತ್ತದೆ, ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ. 78 ಅಂಕಿಯ ಕೋಟೆ ಹಾಗೇ ನಿಂತಿರುತ್ತದೆ, ಆರು ಅಂಕಿಯನ್ನು ನಾವೇ ಬಾಯಿಬಿಟ್ಟು ಹೇಳಿರುತ್ತೇವೆ. 2024ರಲ್ಲಿ ಭಾರತದಲ್ಲಿ ಸೈಬರ್ ವಂಚನೆಗೆ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಹಿಂದಿನ ವರ್ಷ 7,465 ಕೋಟಿ ಇದ್ದದ್ದು ಒಂದೇ ವರ್ಷದಲ್ಲಿ ಮೂರು ಪಟ್ಟಾಯಿತು. ದಿನಕ್ಕೆ 62 ಕೋಟಿ, ಸೆಕೆಂಡಿಗೆ 7,200 ರೂಪಾಯಿ. ಕೊನೆಯ ಸಲ ನಮ್ಮ ಸೇರಿನಲ್ಲಿ ಅಳೆಯುವುದಾದರೆ, ಅಷ್ಟು ದುಡ್ಡನ್ನು ಈ ನಾಲ್ಕು ತಾಲ್ಲೂಕಿನ ಅಷ್ಟೂ ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ 2 ಲಕ್ಷ 11 ಸಾವಿರ ರೂಪಾಯಿ. ಐದು ಜನರ ಮನೆಗೆ ಹತ್ತೂವರೆ ಲಕ್ಷ.

ಕನಕಪುರದ ಆ ಅಜ್ಜಿಯಂತೆ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿ, ಮನೆಯವರಿಗೆ ಫೋನ್ ಮಾಡಿ, ಡಬ್ಬ ಕಣ್ಣೆದುರು ಇದ್ದರೆ ಮಾತ್ರ ಅಂಕಿ ಹೇಳಿ. ಫೋನಿನಲ್ಲಿ ಯಾರು ಕೇಳಿದರೂ ಬೇಡ. ಹಾಗೂ ದುಡ್ಡು ಹೋಗಿಬಿಟ್ಟರೆ ನಾಚಿಕೆಪಟ್ಟುಕೊಂಡು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಕಳ್ಳನ ಖಾತೆಯಿಂದ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಅವರಿಗೆ ಸಿಗುವುದು ಮೊದಲಿನ ಕೆಲವು ಗಂಟೆಗಳು ಮಾತ್ರ.